ಟಾಂಜಾನಿಯಾದ ಪ್ರಗತಿಯನ್ನು ಅಂಕಿಗಳಲ್ಲಿ ಓದುವುದು ಹೇಗೆ?

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಅಥವಾ ಸಮಾಜಕಾರ್ಯ ಓದುವವರು ಸುಸ್ಥಿರ ಅಭಿವೃದ್ಧಿ ಗುರಿಗಳ ಬಗ್ಗೆ ಪ್ರಾಜೆಕ್ಟ್ ವರದಿ ಬರೆಯುವಾಗ ಆಫ್ರಿಕಾದ ದೇಶವೊಂದನ್ನು ಆರಿಸಿಕೊಳ್ಳುವುದಾದರೆ, ಟಾಂಜಾನಿಯಾವನ್ನು ಆರಿಸಿಕೊಳ್ಳಿ. ಅಲ್ಲಿ ಹಲವು ವರ್ಷಗಳಿಂದ ಮನೆಮನೆ ಸಮೀಕ್ಷೆಗಳು ನಡೆದುಬಂದಿವೆ. ಆ ಅಂಕಿಗಳು ಒಂದಕ್ಕೊಂದು ಹೊಂದದೆ ಇರುವ ಕಡೆಯಲ್ಲೇ ನಾವು ಕಲಿಯುವುದು ಹೆಚ್ಚು.

ಬಡತನದ ಅಂಕಿ ಕಂಡೊಡನೆ, ಅದು ಯಾವ ರೇಖೆಯನ್ನು ಆಧರಿಸಿದೆ ಎಂದು ನೋಡಿ. ದೇಶದ ಸ್ವಂತ ಬಡತನ ರೇಖೆಯ ಪ್ರಕಾರ ಮುಖ್ಯಭೂಮಿಯಲ್ಲಿ (ಜಾಂಜಿಬಾರ್ ದ್ವೀಪಗಳನ್ನು ಬಿಟ್ಟು) ಬಡವರ ಪ್ರಮಾಣ 2007ರಲ್ಲಿ ಶೇ. 34.4, 2011–12ರಲ್ಲಿ ಶೇ. 28.2, 2017–18ರಲ್ಲಿ ಶೇ. 26.4 ಇತ್ತು. ವಿಶ್ವಬ್ಯಾಂಕಿನ ಅಂದಿನ, ದಿನಕ್ಕೆ 1.90 ಡಾಲರ್ ರೇಖೆಯಿಂದ ಅಳೆದರೆ 2018ರಲ್ಲಿಯೂ ಸುಮಾರು ಅರ್ಧದಷ್ಟು ಜನ ಬಡವರೇ. ಎರಡೂ ಸರಿ, ಆದರೆ ಎರಡನ್ನೂ ಒಂದೇ ಕೋಷ್ಟಕದ ಒಂದೇ ಸಾಲಿಗೆ ಸೇರಿಸಬಾರದು. ಜನಸಂಖ್ಯೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2012ರ ಜನಗಣತಿಯಲ್ಲಿ 4.49 ಕೋಟಿ ಇದ್ದ ಜನ 2022ರ ಹೊತ್ತಿಗೆ 6.17 ಕೋಟಿಯಾದರು; ಹೀಗೆ ಬೆಳೆಯುವ ದೇಶದಲ್ಲಿ ಶೇಕಡಾವಾರು ಎರಡಂಶ ಇಳಿದರೂ ಬಡವರ ತಲೆಎಣಿಕೆ ಕಡಿಮೆಯಾಗುವುದಿಲ್ಲ.

ಬಡತನ ನಿಧಾನವಾಗಿ ಇಳಿಯುವ ಕಾರಣಗಳಲ್ಲಿ ಒಂದನ್ನು ನಮ್ಮೂರಲ್ಲಿಯೇ ನೋಡಬಹುದು. ಟಾಂಜಾನಿಯಾದ ದಕ್ಷಿಣದ ಮ್ಟ್ವಾರಾ, ಲಿಂಡಿ ಸೀಮೆಯ ರೈತರು ಬೆಳೆದ ಗೇರುಬೀಜದ ಬಹುಪಾಲು ಸಿಪ್ಪೆಯೊಂದಿಗೇ ಗೋಣಿಯಲ್ಲಿ ಹಡಗೇರುತ್ತದೆ. ಬೀಜ ಒಡೆಯುವ, ಸಣ್ಣ ಚೂರಿಯಿಂದ ಕೆಂಪು ಪೊರೆ ಕೆರೆದು ತೆಗೆಯುವ, ಬಿಳಿ ತಿರುಳನ್ನು ಗಾತ್ರ ನೋಡಿ ವಿಂಗಡಿಸುವ ಕೆಲಸವೂ ಅದರ ಕೂಲಿಯೂ ನಮ್ಮ ಕರಾವಳಿಯಂಥ ಕಡೆಗಳ ಕಾರ್ಖಾನೆಗಳ ಹೆಂಗಸರಿಗೆ ಸಿಗುತ್ತವೆ. ಆರ್ಥಿಕ ಬೆಳವಣಿಗೆ ವರ್ಷಕ್ಕೆ ಶೇ. 6ರ ಆಸುಪಾಸಿನಲ್ಲಿದ್ದಾಗಲೂ ಹಳ್ಳಿಯ ಬಡತನ ನಿಧಾನವಾಗಿ ಇಳಿದದ್ದೇಕೆ ಎಂಬುದನ್ನು ಬರೆಯುವಾಗ ಇದನ್ನು ಬಿಡಬೇಡಿ.

ಆರೋಗ್ಯದ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಐದು ವರ್ಷದೊಳಗಿನ ಮಕ್ಕಳ ಮರಣ ಸಾವಿರ ಜನನಕ್ಕೆ 2004–05ರ ಸಮೀಕ್ಷೆಯಲ್ಲಿ 112, 2015–16ರಲ್ಲಿ 67, 2022ರಲ್ಲಿ 43. ಪ್ರತಿ ಸಮೀಕ್ಷೆಯೂ ಇಳಿಕೆಯನ್ನೇ ತೋರಿಸುವುದರಿಂದ ಇದನ್ನು ಧೈರ್ಯವಾಗಿ ಸಾಧನೆಯೆಂದು ಬರೆಯಬಹುದು, ಬರೆಯಲೇಬೇಕು. ಆದರೆ ಹುಟ್ಟಿದ ಮೊದಲ ತಿಂಗಳ ಸಾವು ಕಡೆಯ ಎರಡು ಸಮೀಕ್ಷೆಗಳ ನಡುವೆ 25ರಿಂದ 24ಕ್ಕಷ್ಟೇ ಇಳಿದಿದೆ. ಲಸಿಕೆಯೂ ಸೊಳ್ಳೆಪರದೆಯೂ ದೊಡ್ಡ ಮಕ್ಕಳನ್ನು ಉಳಿಸುತ್ತವೆ; ನವಜಾತ ಶಿಶುವಿಗೆ ಬೇಕಾದದ್ದು ಹೆರಿಗೆಯ ಹೊತ್ತಿನಲ್ಲಿ ನುರಿತ ಕೈ.

ತಾಯಂದಿರ ಮರಣದ ಅಂಕಿಯಲ್ಲಿ ವಿಶೇಷ ಎಚ್ಚರ ಬೇಕು. ಲಕ್ಷ ಜೀವಂತ ಜನನಕ್ಕೆ 2015–16ರ ಸಮೀಕ್ಷೆ 556 ಎಂದಿತು, 2022ರದು 104 ಎಂದಿತು. ವಿಶ್ವಸಂಸ್ಥೆಯ ಸಂಸ್ಥೆಗಳ 2020ರ ಅಂದಾಜು ಮಾತ್ರ 238. ಇಂಥ ಸಾವು ವಿರಳವಾದ್ದರಿಂದ ಸಮೀಕ್ಷೆಯವರು ಮಹಿಳೆಯರನ್ನು ಅವರ ಅಕ್ಕತಂಗಿಯರ ಬಗ್ಗೆ ಕೇಳುತ್ತಾರೆ: ಯಾರಾದರೂ ತೀರಿಕೊಂಡರೇ, ಬಸಿರಿನಲ್ಲೋ ಬಾಣಂತಿತನದಲ್ಲೋ ಎಂದು. ಲೆಕ್ಕಕ್ಕೆ ಸಿಗುವ ಸಾವುಗಳು ಕೆಲವೇ ಇರುವಲ್ಲಿ ಅಂದಾಜಿನ ಹರವು ದೊಡ್ಡದಿರುತ್ತದೆ. ಇಳಿಕೆ ಎಂದು ಬರೆಯಿರಿ, ಅದರ ಪ್ರಮಾಣವನ್ನು ಖಚಿತವೆಂದು ಬರೆಯಬೇಡಿ.

ಮಲೇರಿಯಾದಲ್ಲಿ ಎರಡೇ ವರ್ಷಗಳನ್ನು ಹೋಲಿಸಬಾರದು. ಪರೀಕ್ಷಿಸಿದ ಮಕ್ಕಳಲ್ಲಿ ಸೋಂಕು 2007–08ರಲ್ಲಿ ಶೇ. 18, 2011–12ರಲ್ಲಿ 9, 2015–16ರಲ್ಲಿ 14, 2017ರಲ್ಲಿ 7, 2022ರಲ್ಲಿ 8. ಮಳೆಗಾಲದ ಆಟಿ ತಿಂಗಳ ಮಂಗಳೂರಿನ ಲೆಕ್ಕವನ್ನು ಫೆಬ್ರವರಿಯದರೊಂದಿಗೆ ಇಟ್ಟು ನೋಡಿದರೆ ಏನಾಗುವುದೆಂದು ನಮಗೆ ಗೊತ್ತು. ಆದ್ದರಿಂದ ಸಮೀಕ್ಷೆ ಯಾವ ತಿಂಗಳುಗಳಲ್ಲಿ ನಡೆಯಿತೆಂದು ಮೊದಲು ಹುಡುಕಿ. ಸರಾಸರಿಯ ಒಳಗನ್ನೂ ನೋಡಿ: ಎತ್ತರದ ಕಿಲಿಮಂಜಾರೋದಲ್ಲಿ ರೋಗ ಇಲ್ಲವೆನ್ನುವಷ್ಟು ಕಡಿಮೆ, ಪಶ್ಚಿಮದ ಟಬೋರಾದಲ್ಲಿ 2022ರಲ್ಲಿಯೂ ಶೇ. 20ಕ್ಕೂ ಹೆಚ್ಚು.

ಶಿಕ್ಷಣದಲ್ಲಿ ದಾಖಲಾತಿ ಬೇರೆ, ಕಲಿಕೆ ಬೇರೆ. 2001ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾದ ಮೇಲೆ ತರಗತಿಗಳು ತುಂಬಿದವು. 2016ರಿಂದ ನಾಲ್ಕನೇ ಫಾರ್ಮ್‌ವರೆಗಿನ (ಪ್ರೌಢಶಾಲೆಯ ನಾಲ್ಕನೇ ವರ್ಷದವರೆಗಿನ) ಪ್ರೌಢಶಿಕ್ಷಣವೂ ಶುಲ್ಕರಹಿತವಾಯಿತು. ಆದರೆ ಇವೆರಡರ ನಡುವೆ, 2012ರ ನಾಲ್ಕನೇ ಫಾರ್ಮ್ ಪರೀಕ್ಷೆಯ ಮೊದಲು ಪ್ರಕಟವಾದ ಫಲಿತಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾದರು. ಏಳು ವರ್ಷ ಸ್ವಾಹಿಲಿಯಲ್ಲಿ ಕಲಿತ ಮಗು ಪ್ರೌಢಶಾಲೆಯಲ್ಲಿ ಒಮ್ಮೆಗೇ ಇಂಗ್ಲಿಷ್ ಮಾಧ್ಯಮಕ್ಕೆ ಬೀಳುತ್ತದೆ. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಬಂದವರಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ. ಹುಡುಗಿಯರ ಅಂಕಿಗಳನ್ನು ಮಾತ್ರ 2021ರ ಹಿಂದೆ, ಮುಂದೆ ಎಂದು ಬೇರ್ಪಡಿಸಿ ಬರೆಯಿರಿ, ಏಕೆಂದರೆ ಬಸಿರಾದ ವಿದ್ಯಾರ್ಥಿನಿಯರು ಸರ್ಕಾರಿ ಶಾಲೆಗೆ ಮರಳುವುದರ ಮೇಲಿದ್ದ ನಿಷೇಧ ತೆರವಾದದ್ದು ಆ ವರ್ಷದ ನವೆಂಬರಿನಲ್ಲಿ.