ಭಂಗಾರ ಅಂಗಡಿ ಸ್ಟ್ಯಾಂಡು, ಶಹಾಬಾದ ಫರಶಿ, ನಮ್ಮ ಸಣ್ಣ ಹಾಲ್

ನಾವಿರೋದು ಕಲಬುರಗಿ ಸೇಡಂ ರೋಡ್ ಕಡೆ, ಮೂರನೇ ಮಾಳಿಗಿ, ಒಂದು ಬೆಡ್‌ರೂಮಿನ ಫ್ಲಾಟು. ಹಾಲ್ ಅಂದ್ರ 10 ಫುಟ್ 12 ಫುಟ್, ಅಷ್ಟೇ. ಮದಿವ್ಯಾಗ ಬಂದ ಸೋಫಾ ಅದರಾಗ ಇಟ್ಟ ಮ್ಯಾಲ ಅಡಗಿಮನಿಗೆ ಹೋಗ್ಬೇಕಂದ್ರ ಅಡ್ಡಡ್ಡ ಆಗಿ ಹೋಗ್ಬೇಕು, ಎರಡು ವರ್ಷ ಹಂಗೇ ದೂಡಿದೆವು, ಕಡೀಕ ಅದನ್ನ ತಮ್ಮನ ಮನಿಗೆ ಸಾಗ ಹಾಕಿದೆ.

ಅದರ ಜಾಗಕ್ಕ ಮೊದಲ ಬಂದದ್ದು ಹೊರಸು, ಅಂದ್ರ ಪಟ್ಟಿ ಹೆಣೆದ ಮಂಚ. ತವರಮನಿ ಕೊಟ್ಟಿಗ್ಯಾಗ ಬಿದ್ದಿತ್ತು, ಸಾಗವಾನಿ ಕಾಲು, ಹೆಣೆದ ನವಾರ ಪಟ್ಟಿ ಹರಿದು ಜೋತಾಡ್ತಿತ್ತು. ನಮ್ಮ ಅತ್ತಿ ನೋಡಿ "ಏನವ್ವ, ಮಂದಿ ಮನಿಗೆ ಬಂದ್ರ ಹೊರಸಿನ ಮ್ಯಾಲ ಕೂಡಸ್ತೀ ಏನು?" ಅಂದ್ರು. ಕಾಲು ಬಡದು ನೋಡಿದ್ರ ಒಂದರಾಗಿಂದ ಜ್ವಾಳದ ಹಿಟ್ಟಿನಂಗ ಸಣ್ಣ ಪುಡಿ ಉದುರ್ತು, ಒಳಗ ಹುಳ ಅದ ಅಂತ ಅರ್ಥ. ಹಾರ್ಡ್‌ವೇರ್ ಅಂಗಡಿಯಿಂದ ಕಟ್ಟಿಗಿ ಹುಳದ ಔಷಧ ತಂದು ಸಿರಿಂಜಿಲೆ ಒಂದೊಂದು ತೂತಿಗೂ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಬಾಲ್ಕನ್ಯಾಗ ಇಟ್ಟೆ. ಆಮ್ಯಾಲ ಹೊಸ ನವಾರ, ಮ್ಯಾಲ ಅವ್ವ ಹೊಲಿದ ಕೌದಿ, ಎರಡು ಲೋಡು ದಿಂಬು. ಕೆಳಗ ನೆಲ ಕಾಣ್ತದಲ್ಲ, ಅದಕ್ಕೇ ಹಾಲ್ ದೊಡ್ಡದಾದಂಗ ಅನಸ್ತದ, ಕಸಬರಗಿನೂ ಸಲೀಸ ಹೋಗ್ತದ.

ಇನ್ನ ಟೇಬಲ್. ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರ, ಬೆಂಗಳೂರಿನ ಗೆಳತಿಗೆ ಫೋನ್‌ನ್ಯಾಗ "ಭಂಗಾರ ಅಂಗಡಿಗೆ ಹೊಂಟೀನಿ" ಅಂದ್ರ "ಎಷ್ಟು ಗ್ರಾಂ ತಗೋತೀಯೆ" ಅಂತ ಕೇಳಿದ್ಲು! ಅಲ್ಲಿ ಹಳೀ ಹೊಲಿಗಿ ಮಷಿನ್ದು ಕಬ್ಬಿಣದ ಸ್ಟ್ಯಾಂಡ್ ಸಿಕ್ತು, ಕಾಲಿಲೆ ತುಳಿಯೋದು, ಗಾಲಿನೂ ಇತ್ತು. ಚಾಚಾ 1500 ಅಂದ, "ಕಿಲೋ ಲೆಕ್ಕ ಹಾಕು ಚಾಚಾ" ಅಂದೆ, 900ಕ್ಕ ಕೊಟ್ಟ. ತಂತಿ ಬ್ರಷ್‌ಲೆ ಜಂಗು ತೆಗದು ಕರೇ ಪೇಂಟ್ ಹೊಡದೆ.

ಮ್ಯಾಲ ಹಾಕ್ಲಿಕ್ಕ ಗಾಜು ಬ್ಯಾಡ ಅನಸ್ತು. ಫರಶಿಗೆ, ಅಂದ್ರ ನೆಲಕ್ಕ ಹಾಸೋ ಚಪ್ಪಡಿ ಕಲ್ಲಿಗೆ ಹೆಸರಾದ ಶಹಾಬಾದ ಇಲ್ಲೇ ಬಾಜೂಕ ಇರಬೇಕಾದ್ರ ಗಾಜು ಯಾಕ? 4 ಫುಟ್ ಉದ್ದ, ಒಂದೂವರೆ ಫುಟ್ ಅಗಲ, ಒಂದು ಇಂಚು ದಪ್ಪದ ಫರಶಿ ಕೊಯ್ಸಿದೆ, ಮೂಲಿ ಮಾತ್ರ ದುಂಡಗ ಮಾಡಸ್ರಿ, ಮನ್ಯಾಗ ಹುಡುಗರಿದ್ರ ಹಣಿಗೆ ಬಡೀತದ. ತೂಕ ಹತ್ತತ್ರ 37 ಕಿಲೋ, ಆ ದಿನಾನೇ ಲಿಫ್ಟ್ ಬಂದ್. ಮನಿಯವರು, ತಮ್ಮ ಇಬ್ಬರೂ ಹೊತ್ತು ತಂದ್ರು, ನಾ ಹಿಂದ ಹಿಂದ "ಹುಷಾರ್ ಹುಷಾರ್" ಅನ್ಕೋತ ಬಂದೆ.

ಫರಶಿ ಕಪ್ಪಗ ಮಿಂಚ್ಲಿ ಅಂತ ಅಡಗಿಮನಿ ಅಗಸಿ ಎಣ್ಣಿನೇ ಹಚ್ಚಿದೆ ನೋಡ್ರಿ, ಅದೇ ತಪ್ಪಾತು. ಹಸಿ ಎಣ್ಣಿ ಲಗೂನ ಒಣಗಂಗಿಲ್ಲ, ವಾರಗಟ್ಲೆ ಅಂಟಂಟು, ಕಲಬುರಗಿ ಧೂಳೆಲ್ಲಾ ಬಂದು ಅದರ ಮ್ಯಾಲೇ ಕೂಡ್ತು. ಪೇಂಟ್ ಅಂಗಡ್ಯಾಗ ಸಿಗೋ ಕುದಿಸಿದ ಅಗಸಿ ಎಣ್ಣಿ ಬೇಕು, ಅದನ್ನೂ ತೆಳ್ಳಗ ಹಚ್ಚಿ ಹದಿನೈದು ನಿಮಿಷಕ್ಕ ಒರಸಿ ತೆಗೀಬೇಕು. ಮತ್ತ ಒರಸಿದ ಬಟ್ಟಿ ಉಂಡಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಆ ಎಣ್ಣಿ ಒಣಗೋವಾಗ ತಾನೇ ಬಿಸಿ ಆಗಿ ಬೆಂಕಿ ಹತ್ತೋ ಸಂಭವ ಇರ್ತದ, ನೀರಾಗ ಅದ್ದಿ ಹೊರಗ ಹರವಿ ಒಣಗಸ್ರಿ.

ಇಷ್ಟೆಲ್ಲಾ ಮಾಡಿದ ಮ್ಯಾಲ ಒಂದಿನ ಅತ್ತಿ ಅದರ ಮ್ಯಾಲೇ ನಿಂಬಿಹಣ್ಣು ಹೆಚ್ಚಿದ್ರು. ಇದು ಸುಣ್ಣದ ಕಲ್ಲು, ಹುಳಿ ಬಿದ್ರ ತಿಂತದ, ಬೆಳ್ಳಗ ಚುಕ್ಕಿ ಚುಕ್ಕಿ ಆಗಿ ಕೂಡ್ತು. ಹುಣಸಿಹಣ್ಣು, ಆ್ಯಸಿಡ್ ಎಲ್ಲಾ ಇದಕ್ಕ ವೈರಿ. ನಾ ಸಿಟ್ಟಿಗೆದ್ರ "ಕಲ್ಲಿಗೇನಾಗ್ತದ?" ಅಂತ ನನಗೇ ಕೇಳಿದ್ರು. 220 ನಂಬರಿನ ಪಾಲಿಶ್ ಪೇಪರ್ ನೀರು ಹಚ್ಚಿ ತಿಕ್ಕಿ ಮತ್ತ ಎಣ್ಣಿ ಹಚ್ಚಿದೆ, ಒಂದು ಚುಕ್ಕಿ ಮಾತ್ರ ಹೋಗ್ಲಿಲ್ಲ, ಅದರ ಮ್ಯಾಲ ಬೀದರಿನಿಂದ ತಂದ ಸಣ್ಣ ಬಿದ್ರಿ ಹೂದಾನಿ ಇಟ್ಟೀನಿ. ಬಂದವರೆಲ್ಲಾ ಹೂದಾನಿನೇ ಹೊಗಳ್ತಾರ.

ಈಗ ಮೇ ತಿಂಗಳು, ಅತ್ತಿ ಮಧ್ಯಾಹ್ನ ಊಟ ಆದ ಮ್ಯಾಲ ಯಾರಿಗೂ ಕೊಡಲ್ದೆ ಆ ಹೊರಸಿನ ಮ್ಯಾಲೇ ಮಲಗ್ತಾರ. ನವಾರ ನಡಬರಕ ಸಡಲ ಆಗ್ಯಾದ, ಬರೋ ಐತವಾರ ಬಿಗೀಬೇಕು.