ಹಳೇ ಬಾಗಿಲಿನ ಪೇಂಟ್ ತೆಗೆಯುವುದು: ಧೂಳಿಲ್ಲದೆ, ಘಾಟಿಲ್ಲದೆ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೇ ಮನೆ. ತಲಬಾಗಿಲು ಸಾಗವಾನಿಯದು. ಆದರೆ ದೀಪಾವಳಿಗೊಮ್ಮೆ, ಮದುವೆಗೊಮ್ಮೆ ಅಂತ ಹಚ್ಚುತ್ತ ಬಂದ ಆಯಿಲ್ ಪೇಂಟ್ ಐದಾರು ಪದರ ಕೂತು, ಚೌಕಟ್ಟಿನ ಮೇಲಿನ ಬಳ್ಳಿ ಹೂವಿನ ಕೆತ್ತನೆಯೆಲ್ಲ ಮುಚ್ಚಿಹೋಗಿ, ಅದು ಸಾಗವಾನಿ ಅನ್ನುವುದೇ ನಮಗೆ ಮರೆತಿತ್ತು. ಪೇಂಟರ್ ಅಣ್ಣ ಬಂದು ನೋಡಿ, "ಅಕ್ಕಾರ, ಮಷೀನ್ ಹಚ್ಚಿ ತಿಕ್ಕಿದ್ರ ಒಂದ ದಿನದಾಗ ಮುಗೀತದ" ಅಂದರು. ನಾನು ಬೇಡ ಅಂದೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ.

ಹಳೇ ಪೇಂಟನ್ನು ಒಣದಾಗಿ ತಿಕ್ಕುವುದು ಯಾಕೆ ಬೇಡ ಅಂದರೆ, ಅದರಲ್ಲಿ ಸೀಸ ಇರಬಹುದು. ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಮೊದಲು ಹಚ್ಚಿದ್ದು ಯಾವುದೇ ಇರಲಿ, ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಅದರಲ್ಲೂ ಗಾಢ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಸೀಸ ಸೇರಿದ ಪುಡಿಯನ್ನೇ ಬಣ್ಣವಾಗಿ ಬಳಸುತ್ತಿದ್ದರು. ನಮ್ಮ ಹೊಸ್ತಿಲುಗಳನ್ನು ನೆನಪಿಸಿಕೊಳ್ಳಿ. ಅರಿಶಿನದ ಬಣ್ಣದ ಪೇಂಟ್, ಮೇಲೆ ಕೆಂಪು ಚುಕ್ಕಿ, ಅದೇ ಜಾಗದಲ್ಲಿ ಮಗು ಕೈ ಊರಿ ದಾಟುತ್ತದೆ, ಆಮೇಲೆ ಅದೇ ಕೈ ಬಾಯಿಗೆ ಹೋಗುತ್ತದೆ. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ಮಾಡುವ ಹಾನಿಯನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಹಾಗಾಗಿ ನನ್ನ ಮೊದಲ ಮಾತು ಇಷ್ಟೇ: ಮಷೀನ್ ಬೇಡ, ಒಣ ಪಾಲಿಷ್ ಪೇಪರ್ ಬೇಡ, ಬೆಂಕಿ ಹಿಡಿದು ಪೇಂಟ್ ಸುಡುವುದಂತೂ ಬೇಡವೇ ಬೇಡ. ಸುಟ್ಟರೆ ಸೀಸ ಹೊಗೆಯಲ್ಲಿ ಸೇರಿ ನೇರ ಉಸಿರಿಗೆ ಬರುತ್ತದೆ.

ಇನ್ನು ಪೇಂಟ್ ರಿಮೂವರ್. ಅಂಗಡಿಗೆ ಹೋಗಿ ಸುಮ್ನೆ ರಿಮೂವರ್ ಕೊಡಿ ಅಂದರೆ ಹತ್ತು ನಿಮಿಷದಲ್ಲಿ ಪೇಂಟ್ ಉಬ್ಬಿಸುವ ಘಾಟಿನ ಡಬ್ಬಿ ಕೈಗೆ ಬರಬಹುದು. ಡಬ್ಬಿ ತಿರುಗಿಸಿ ಹಿಂದೆ ಓದಿ. ಮಿಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಅಂತ ಇದ್ದರೆ (ಎರಡೂ ಒಂದೇ) ವಾಪಸ್ ಕೊಟ್ಟುಬಿಡಿ. ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೇ ನಿಲ್ಲುತ್ತದೆ, ದೇಹದೊಳಗೆ ಹೋದ ಮೇಲೆ ಒಂದು ಭಾಗ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬಚ್ಚಲಲ್ಲಿ ಇದನ್ನು ಬಳಸಿ ಜೀವ ಕಳೆದುಕೊಂಡವರಿದ್ದಾರೆ. ಅಮೆರಿಕದಲ್ಲಿ 2019ರಿಂದಲೇ ಇದಿರುವ ರಿಮೂವರನ್ನು ಮನೆ ಬಳಕೆಗೆ ಮಾರುವಂತಿಲ್ಲ. ಎನ್‌ಎಂಪಿ (ಪೇಂಟ್ ಕರಗಿಸುವ ಇನ್ನೊಂದು ರಾಸಾಯನಿಕ) ಅಂತ ಬರೆದಿದ್ದರೂ ಬೇಡ, ಅದು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಹಾಗಾದರೆ ಯಾವುದು? ಬೆಂಜೈಲ್ ಆಲ್ಕೋಹಾಲ್ ಇರುವ ನೀರಿನ ಜೆಲ್, ಸೋಯಾ ಎಣ್ಣೆಯಿಂದ ಮಾಡಿದ್ದು, ಕಿತ್ತಳೆ ಸಿಪ್ಪೆಯ ಎಣ್ಣೆಯದು, ಈ ಮೂರರಲ್ಲಿ ಒಂದು. ಊರಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಇವುಗಳ ಮೇಲೆ ನಾನ್ ಟಾಕ್ಸಿಕ್ ಅಂತ ದೊಡ್ಡದಾಗಿ ಬರೆದಿದ್ದರೂ ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ, ಕಿಟಕಿ ತೆರೆದಿರಬೇಕು. ಕಿತ್ತಳೆ ಎಣ್ಣೆಯದಾದರೆ ಇನ್ನೊಂದು ಮಾತು: ಅದು ಬೇಗ ಹೊತ್ತಿಕೊಳ್ಳುವಂಥದ್ದು. ಹೊಸ್ತಿಲ ಹತ್ತಿರ ದೀಪ, ಊದಿನಕಡ್ಡಿ ಹಚ್ಚುವ ರೂಢಿ ಇದ್ದರೆ ಈ ಕೆಲಸ ಮುಗಿಯುವ ತನಕ ದೇವರ ಮನೆಯಲ್ಲೇ ಹಚ್ಚಿ. ಮತ್ತೆ, ಘಾಟಿಲ್ಲ ಅಂತ ಕಾಸ್ಟಿಕ್ ಸೋಡಾ ಕಲಸಿ ಹಚ್ಚುವವರಿದ್ದಾರೆ. ಅದು ಚರ್ಮ ಸುಡುತ್ತದೆ, ಸಾಗವಾನಿಯನ್ನು ಕಪ್ಪಾಗಿಸುತ್ತದೆ. ಬೇಡ.

ಎಷ್ಟು ತರಬೇಕು? ಒಂದು ಮಿಲಿಮೀಟರ್ ದಪ್ಪ ಹಚ್ಚಿದರೆ ಒಂದು ಲೀಟರ್‌ಗೆ ಒಂದು ಚದರ ಮೀಟರ್ ಆಗುತ್ತದೆ, ಅಂದರೆ ಹತ್ತಿರ ಹತ್ತಿರ 11 ಚದರ ಅಡಿ. ಇದನ್ನು ತೆಳ್ಳಗೆ ಎಳೆದರೆ ಪ್ರಯೋಜನವಿಲ್ಲ. ಆರೂವರೆ ಅಡಿ ಎತ್ತರ, ಮೂರಡಿ ಅಗಲದ ಬಾಗಿಲಾದರೆ ಒಂದು ಬದಿಗೆ, ಒಂದು ಸಲಕ್ಕೆ ಎರಡು ಲೀಟರ್ ಹಿಡಿಯಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ನಮ್ಮ ಭಾಗದವರಿಗೆ ಇದು ಗೊತ್ತಿರಲೇಬೇಕು. ಈ ಜೆಲ್‌ಗಳು ನಿಧಾನ. ಒದ್ದೆಯಾಗಿ ಇದ್ದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತವೆ, ಒಣಗಿದವು ಅಂದರೆ ಮುಗಿಯಿತು. ನಾನು ಮೊದಲ ಸಲ ಮೇ ತಿಂಗಳಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ ಹಚ್ಚಿ ಊಟ ಮಾಡಿ ಬಂದೆ. 42 ಡಿಗ್ರಿ ಬಿಸಿಲು, ಮೇಲೆ ಒಣ ಗಾಳಿ. ಜೆಲ್ ಪೇಂಟಿನ ಮೇಲೆಯೇ ತೊಗಟೆ ತರಹ ಗಟ್ಟಿಯಾಗಿ ಕೂತಿತ್ತು, ಅದನ್ನು ತೆಗೆಯುವುದೇ ಇನ್ನೊಂದು ಕೆಲಸವಾಯಿತು. ಇಂಥ ರಿಮೂವರ್ ಕೆಲಸ ಮಾಡಲ್ಲ ಅಂತ ನಮ್ಮಲ್ಲಿ ಜನ ಹೇಳುವುದಕ್ಕೆ ಅರ್ಧ ಕಾರಣ ಈ ಬಿಸಿಲೇ ಇರಬೇಕು. ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯ ತನಕ ಒಳ್ಳೆಯ ಕಾಲ. ಬೇಸಿಗೆಯಲ್ಲೇ ಮಾಡಬೇಕಾದರೆ ಸಂಜೆ ಹಚ್ಚಿ ಬೆಳಿಗ್ಗೆ ಎದ್ದ ಕೂಡಲೇ ತೆಗೆಯಿರಿ. ಯಾವ ಕಾಲವೇ ಇರಲಿ, ಮೇಲೆ ಪ್ಲಾಸ್ಟಿಕ್ ಹೊದಿಸಲೇಬೇಕು.

ಶುರು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ. ಹತ್ತಿಗೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒಂದು ಮೂಲೆಯಲ್ಲಿ ತಿಕ್ಕಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ನೀರಿನ ಪೇಂಟ್, ಬೇಗ ಹೋಗುತ್ತದೆ. ಏನೂ ಬರದಿದ್ದರೆ ಆಯಿಲ್ ಪೇಂಟ್, ತಾಳ್ಮೆ ಬೇಕು. ಗೋಡೆಯ ಸುಣ್ಣಕ್ಕೆ, ಡಿಸ್ಟೆಂಪರ್‌ಗೆ ರಿಮೂವರ್ ದುಡ್ಡು ದಂಡ. ನೀರು ಚಿಮುಕಿಸಿ, ನೆನೆದ ಮೇಲೆ ಪಟ್ಟಿಯಿಂದ (ಪೇಂಟರ್‌ಗಳು ಕೆರೆಯಲು ಬಳಸುವ ಚಪ್ಪಟೆ ಕಬ್ಬಿಣದ ಪಟ್ಟಿ) ಕೆರೆದರೆ ಸಾಕು.

ನೆಲವನ್ನು ಮರೆಯಬೇಡಿ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಫರಸಿ ಅಲ್ವಾ, ಅದು ಸುಣ್ಣದ ಕಲ್ಲು. ಬಣ್ಣದ ನೀರು ಬಿದ್ದರೆ ಹೀರಿಕೊಳ್ಳುತ್ತದೆ, ಆ ಕಲೆ ತೆಗೆಯಲು ನಿಂಬೆಹಣ್ಣು, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಕಲ್ಲೇ ಕರಗಿ ಹೊಳಪು ಹೋಗುತ್ತದೆ. ಮೊದಲು ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚುಗಳಿಗೆ ಟೇಪ್ ಅಂಟಿಸಿ, ಮೇಲೆ ಹಳೇ ಪೇಪರ್ ಹರಡಿ. ಸಾಧ್ಯವಾದರೆ ಬಾಗಿಲನ್ನೇ ಕಳಚಿ ಅಂಗಳದಲ್ಲಿ ನೆರಳಿಗೆ ಮಲಗಿಸಿ. ನಿಂತ ಬಾಗಿಲಿನ ಮೇಲೆ ಜೆಲ್ ಜಾರುತ್ತದೆ, ಮಲಗಿದ್ದರ ಮೇಲೆ ದಪ್ಪಗೆ ನಿಲ್ಲುತ್ತದೆ.

ಹಳೇ ಬ್ರಷ್‌ನಿಂದ ಜೆಲ್ ಹಚ್ಚಿ. ಹಚ್ಚಿ ಅನ್ನುವುದಕ್ಕಿಂತ ಮೆತ್ತಿ ಅನ್ನಬೇಕು. ಒಂದೇ ದಿಕ್ಕಿಗೆ, ಹಿಂದೆ ಮುಂದೆ ಉಜ್ಜದೆ. ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೈಯಿಂದ ಒತ್ತಿ ಗಾಳಿ ತೆಗೆಯಿರಿ. ಮಗು, ನಾಯಿ, ಬೆಕ್ಕು ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಿ. ಮೂರು ಗಂಟೆ ಆದ ಮೇಲೆ ಒಂದು ಮೂಲೆ ಎತ್ತಿ ಪಟ್ಟಿಯಿಂದ ಮೆಲ್ಲಗೆ ತಳ್ಳಿ ನೋಡಿ. ಪೇಂಟ್ ಹಾಲಿನ ಕೆನೆ ತರಹ ಮಡಿಸಿಕೊಂಡು ಬಂದರೆ ಸಮಯ ಆಯಿತು. ಗಟ್ಟಿ ಇದ್ದರೆ ಮತ್ತೆ ಮುಚ್ಚಿ. ಐದಾರು ಪದರ ಇದ್ದರೆ ರಾತ್ರಿಯಿಡೀ ಬೇಕಾಗಬಹುದು, ಅಷ್ಟಾದರೂ ಒಂದೇ ಸಲಕ್ಕೆ ಎಲ್ಲ ಬರುವುದಿಲ್ಲ. ನಮ್ಮದು ಎರಡನೇ ಸಲ ಹಚ್ಚಿದಾಗ ಬಂತು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಚಾಕಲೇಟ್ ಬಣ್ಣ. ಅವ್ವ ಒಂದೊಂದು ಬಣ್ಣ ಬಂದಾಗಲೂ ಅದು ಯಾರ ಮದುವೆಗೆ ಹಚ್ಚಿದ್ದು ಅಂತ ಹೇಳುತ್ತ ಕೂತಿದ್ದರು.

ಪಟ್ಟಿಯ ಮೂಲೆಗಳನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮರಕ್ಕೆ ಗೀರು ಬೀಳುತ್ತದೆ. ಮರದ ಎಳೆ ಹೋದ ಕಡೆಗೇ ತಳ್ಳಿ. ಕೆತ್ತನೆಗೆ ಕಬ್ಬಿಣ ತಾಗಿಸಲೇಬೇಡಿ. ನಾನು ತೊಗರಿ ಕಟ್ಟಿಗೆಯ ತುದಿ ಚೂಪು ಮಾಡಿಕೊಂಡು ಸಂದಿಯೊಳಗಿನದನ್ನು ಎಬ್ಬಿಸಿದೆ, ಹಳೇ ಟೂತ್‌ಬ್ರಷ್‌ನಿಂದ ಉಳಿದದ್ದು ತೆಗೆದೆ. ಕಟ್ಟಿಗೆ ಮೆತ್ತಗಿರುವುದರಿಂದ ಸಾಗವಾನಿಗೆ ಏನೂ ಆಗುವುದಿಲ್ಲ, ತುದಿ ಮೊಂಡಾದರೆ ಮತ್ತೆ ಕೆತ್ತಿಕೊಂಡರಾಯಿತು. ಒಂದು ಹೂವಿಗೆ ಅರ್ಧ ಗಂಟೆ ಹಿಡಿಯಿತು. ಹಿಡಿಯಲಿ ಬಿಡಿ, ಎಸಳಿನ ಗೆರೆ ಕಾಣಿಸಿದಾಗ ಆಗುವ ಸಂತೋಷ ಬೇರೆಯೇ.

ಬಾಗಿಲಿನ ಚಿಲಕ, ಕೀಲು, ಕೊಂಡಿ ಕಬ್ಬಿಣದ್ದಾದರೆ ರಿಮೂವರ್ ಬೇಡ. ಅಡುಗೆಗೆ ಇನ್ನು ಬಳಸದ ಒಂದು ಹಳೇ ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರು, ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ಅದರಲ್ಲಿ ಮುಳುಗಿಸಿ ಹೊರಗೆ ಇಡಿ. ನೀರು ಆರಿದರೆ ಬದಲಿಸಿ. ಪೇಂಟ್ ಸಿಪ್ಪೆಯ ಹಾಗೆ ಬಿಡುತ್ತದೆ. ತೆಗೆದ ಕೂಡಲೇ ಒರೆಸಿ ಎಣ್ಣೆ ಹಚ್ಚಿ, ಇಲ್ಲದಿದ್ದರೆ ಸಂಜೆಯೊಳಗೆ ತುಕ್ಕು. ಅಲ್ಯೂಮಿನಿಯಂ ಸಾಮಾನನ್ನು ಮಾತ್ರ ಇದರಲ್ಲಿ ಹಾಕಬೇಡಿ, ತಿಂದುಹಾಕುತ್ತದೆ.

ಕೆರೆದದ್ದನ್ನು ಒದ್ದೆ ಇರುವಾಗಲೇ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ. ಕಸದ ಗಾಡಿಯವರಿಗೆ ಕೊಡುವಾಗ ಇದು ಪೇಂಟಿನ ಕಸ ಅಂತ ಹೇಳಿ ಬೇರೆಯಾಗಿ ಕೊಡಿ. ಗಟಾರಕ್ಕೆ ಸುರಿಯಬೇಡಿ. ಪೇಂಟ್ ಇರುವ ಕಟ್ಟಿಗೆ ಚೂರು ಉಳಿದರೆ ನೀರು ಕಾಯಿಸುವ ಒಲೆಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ, ದಯವಿಟ್ಟು ಹಾಕಬೇಡಿ. ಕೆಲಸದ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ.

ಪೇಂಟ್ ಹೋದ ಮೇಲೆ ಮರದ ಮೇಲೆ ಜಿಡ್ಡು ಉಳಿದಿರುತ್ತದೆ, ಸೋಯಾ ಎಣ್ಣೆಯದಾದರೆ ಇನ್ನೂ ಜಾಸ್ತಿ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟೆ ಹಿಂಡಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ. ಜಿಡ್ಡು ಬಿಟ್ಟರೆ ಮುಂದೆ ಹಚ್ಚುವುದು ಹಿಡಿಯುವುದಿಲ್ಲ. ನೆರಳಲ್ಲಿ ಎರಡು ದಿನ ಒಣಗಲಿ. ನೀರು ತಾಗಿ ಎದ್ದ ಎಳೆಗಳನ್ನು ನೀರು ಅದ್ದಿದ ವಾಟರ್ ಪೇಪರ್‌ನಿಂದ (ಒದ್ದೆಯಾಗಿಯೇ ತಿಕ್ಕಬಹುದಾದ ಪಾಲಿಷ್ ಪೇಪರ್) ತಿಕ್ಕಿ, ಇಲ್ಲೂ ಒಣದಾಗಿ ಬೇಡ.

ನಾವು ಮತ್ತೆ ಪೇಂಟ್ ಹಚ್ಚಲಿಲ್ಲ. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಮೂರು ಸಲ ಒರೆಸಿದೆವು, ಒಂದೊಂದಕ್ಕೂ ನಡುವೆ ಪೂರ್ತಿ ಒಣಗಲು ಬಿಟ್ಟು. ಎಣ್ಣೆ ಹತ್ತಿದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರಡಿ, ಗರಿಗರಿ ಒಣಗಿದ ಮೇಲೆ ಕಸಕ್ಕೆ ಹಾಕಿ.