ಆಟದ ಲೋಕಕ್ಕೊಂದು ಪಂಚಾಂಗ

ವಿಜಯಪುರದಲ್ಲಿ ಭಾನುವಾರ ನಮ್ಮ ರೋಲ್‌ಪ್ಲೇ (ಒಬ್ಬರು ಕಲ್ಪನೆಯ ಲೋಕದ ಕಥೆ ನಡೆಸಿ, ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುವ ಆಟ) ಟೇಬಲ್ಲಿಗೆ ಕೂರುವವರು ಕಳ್ಳತನದ ಪ್ಲಾನ್ ಹಾಕುವಾಗ ಮೊದಲು ಕೇಳೋದೇ, "ಇವತ್ತ್ ಚಂದ್ರ ಎಷ್ಟ್ ಅದಾನ್ರೀ ಸರ?" ಆಟ ನಡೆಸುವ ನೀವು ಇದಕ್ಕೆ ಬಾಯಿಗೆ ಬಂದದ್ದು ಹೇಳಿದರೆ ಮುಂದಿನ ವಾರ ಸಿಕ್ಕಿಬೀಳ್ತೀರಿ. ನಕ್ಷತ್ರಪುಂಜಗಳಿಗೆ ಚೆಂದದ ಹೆಸರಿಡೋದು ಆಮೇಲಾಗಲಿ, ಮೊದಲು ಚಂದ್ರನ ಲೆಕ್ಕ ಬರೆದಿಡಿ.

ನಮ್ಮ ಚಂದ್ರನಿಗೆ ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ, ಆಟಕ್ಕೆ 30 ಸಾಕು. ನೋಟ್‌ಬುಕ್ಕಿನಲ್ಲಿ 30 ಚೌಕ ಹಾಕಿ, ಅಮಾವಾಸ್ಯೆ, ಹುಣ್ಣಿಮೆ ಗುರುತು ಮಾಡಿ. ಹುಣ್ಣಿಮೆ ಚಂದ್ರ ಹೊತ್ತು ಮುಳುಗುವಾಗಲೇ ಹುಟ್ಟುತ್ತಾನೆ, ನಡುರಾತ್ರಿ ನೆತ್ತಿಯ ಕಡೆ ಇರುತ್ತಾನೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಶುಕ್ಲಪಕ್ಷದ ಅಷ್ಟಮಿಯ ಅರ್ಧಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಕೋಟೆ ಗೋಡೆ ಹತ್ತುವವರು ಅಲ್ಲೀತನಕ ಕಾಯಬೇಕು. ಎರಡು ಚಂದ್ರ ಬೇಕೇ? ಒಂದಕ್ಕೆ 30 ದಿನ, ಇನ್ನೊಂದಕ್ಕೆ 20 ಕೊಡಿ. ಜೋಡಿ ಹುಣ್ಣಿಮೆ 60 ದಿನಕ್ಕೊಮ್ಮೆ ಬರುತ್ತದೆ, ಜಾತ್ರೆಯ ದಿನ ತಾನಾಗೇ ಸಿಕ್ಕಿತು.

ನಕ್ಷತ್ರಗಳಿಗೆ ನಮ್ಮ ಕಡೆಯ ಮಳೆ ಲೆಕ್ಕವೇ ಗುರು. ಜೂನ್ ಮೊದಲ ವಾರ ಕಳೆಯುತ್ತಲೇ ಮಿರಗ ಮಳೆ ಕೂಡುತ್ತದೆ. ಆಗ ಸೂರ್ಯನೇ ಮೃಗಶಿರದಲ್ಲಿ ಇರುವುದರಿಂದ ಆ ನಕ್ಷತ್ರ ರಾತ್ರಿ ಕಾಣೋದೇ ಇಲ್ಲ! ಡಿಸೆಂಬರ್‌ನಲ್ಲಾದರೆ ಸಂಜೆ ಮೂಡಿ ರಾತ್ರಿಯೆಲ್ಲ ಇರುತ್ತದೆ. ನಕ್ಷತ್ರಗಳು ದಿನಕ್ಕೆ 4 ನಿಮಿಷ, ತಿಂಗಳಿಗೆ 2 ಗಂಟೆ ಮೊದಲು ಹುಟ್ಟುತ್ತವೆ. ಹಾಗಾಗಿ ಋತುವಿಗೊಂದು ಪುಂಜ ಗೊತ್ತುಮಾಡಿ: ಸುಗ್ಗಿಯಲ್ಲಿ ಸಂಜೆ ಯಾವುದು ಮೂಡುತ್ತದೆ, ಬಿತ್ತನೆಯಲ್ಲಿ ಯಾವುದು ಮಾಯ. ನೂರು ಪುಂಜ ಯಾರೂ ನೆನಪಿಡಲ್ಲ.

ಪ್ರಯಾಣದಲ್ಲಿ ಆಕಾಶವೂ ಸರಿಯಬೇಕು. ವಿಜಯಪುರದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 17 ಡಿಗ್ರಿ ಎತ್ತರ. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ, ಅಂದರೆ ಎರಡು ಮುಷ್ಟಿಗೆ ತುಸು ಕಡಿಮೆ. ಉತ್ತರಕ್ಕೆ 111 ಕಿಲೋಮೀಟರಿಗೆ ಒಂದು ಡಿಗ್ರಿ ಏರುತ್ತದೆ. ನಮಗೆ ದಕ್ಷಿಣದಲ್ಲಿ ಚೆನ್ನಾಗಿ ಕಾಣುವ ಅಗಸ್ತ್ಯ ನಕ್ಷತ್ರ ಬಹಳ ಉತ್ತರಕ್ಕೆ ಹೋದರೆ ಮುಳುಗೇ ಹೋಗುತ್ತದೆ. ದಾರಿ ತಪ್ಪಿದ ತಂಡಕ್ಕೆ ಇಷ್ಟು ಸುಳಿವು ಸಾಕು. ನಿಮ್ಮ ಲೋಕ ಚಪ್ಪಟೆಯಾಗಿದ್ದರೆ ಈ ಪ್ಯಾರಾ ಬಿಟ್ಟುಬಿಡಿ.

ಇಷ್ಟು ಗಟ್ಟಿಯಾದ ಮೇಲೆ ಬೇಕೆಂದೇ ಮುರಿಯಿರಿ. ಸೂರ್ಯಗ್ರಹಣ ಅಮಾವಾಸ್ಯೆಗೇ, ಚಂದ್ರಗ್ರಹಣ ಹುಣ್ಣಿಮೆಗೇ ಆಗೋದು. ಅಷ್ಟಮಿಯ ದಿನ ಸೂರ್ಯನಿಗೆ ಗ್ರಹಣ ಹಿಡಿಸಿ, ಸುಮ್ಮನೆ ಕೂತು ನೋಡಿ. ನೋಟ್‌ಬುಕ್ ಇಟ್ಟಿರೋ ಆಟಗಾರನೇ ಮೊದಲು ಎದ್ದು, "ಇದ್ರಾಗ ಮಾಟ ಐತಿ" ಅಂತಾನೆ.